ಏಳು ಮಾರು ನೀರು

ಅಕ್ಕಾತಾಯಿ ನೀರು ಕುಡಿಯುವ ಮೊದಲು ದಿನಾ ಒಂದೇ ಮಾತು ಕೇಳುತ್ತಿದ್ದಳು: "ಎಷ್ಟಾತು?"

ಸೊಸೆ ಕಾಶಿಬಾಯಿ ಬಾವಿಯ ಹಗ್ಗ ಸುತ್ತುತ್ತ, "ಏಳು ಮಾರು, ಅತ್ತಿ," ಎನ್ನುತ್ತಿದ್ದಳು. ಮುದುಕಿ ತಲೆಯಾಡಿಸಿ ತಂಬಿಗೆ ಎತ್ತುತ್ತಿದ್ದಳು. ಮಳೆಗಾಲದಲ್ಲಿ ಮೂರು, ದೀಪಾವಳಿಗೆ ನಾಲ್ಕು, ಬೇಸಿಗೆಗೆ ಏಳು. ಕಾಶಿಬಾಯಿ ಮದುವೆಯಾಗಿ ಬಂದು ಇಪ್ಪತ್ತಾರು ವರ್ಷವಾಗಿತ್ತು. ಉತ್ತರ ಇದರಾಚೆ ಹೋದದ್ದು ಕಡಿಮೆ. ಬಾವಿ ಹನ್ನೆರಡು ಮಾರು ಆಳದ್ದು. ಎಪ್ಪತ್ತೆರಡರ ಬರದಲ್ಲೂ ಒಂಬತ್ತರ ಕೆಳಗೆ ಇಳಿಯಲಿಲ್ಲ ಎಂದು ಮನೆಯವರು ಬಂದವರಿಗೆಲ್ಲ ಹೇಳುತ್ತಿದ್ದರು.

ಮಂಗಸೂಳಿಯಿಂದ ಎರಡು ಮೈಲಿಯ ಊರು ಅದು. ಊರಿನ ಅಂಚಿಗೆ ಮನೆ, ಮನೆಯ ಹಿತ್ತಲಲ್ಲಿ ಬಾವಿ, ಬಾವಿಯ ಬೆನ್ನಿಗೇ ಒಂದೂವರೆ ಎಕರೆ ದ್ರಾಕ್ಷಿ ತೋಟ, ಮನೆಯವರ ಮಾತಿನಲ್ಲಿ ಬಾಗ. ಜೈನರ ಮನೆ. ಬಸದಿಗೆ ಮುನಿಗಳು ಬಂದರೆ ಅವರ ಆಹಾರಕ್ಕೆ ಇದೇ ಬಾವಿಯ ನೀರು ಹೋಗುತ್ತಿತ್ತು. ಬಾವಿಕಟ್ಟೆಯ ಮೂಲೆಯಲ್ಲಿ ತಾಮ್ರದ ಚಿಕ್ಕ ಕೊಡವೊಂದು ಯಾವಾಗಲೂ ಬೇರೆಯಾಗಿಯೇ ಇರುತ್ತಿತ್ತು. ಅದರ ತಳಕ್ಕೆ ಬಳೆಯಂಥ ಒಂದು ಕಡಿ ಬೆಸೆದಿತ್ತು.

ಸೇದಿದ ನೀರನ್ನು ಎರಡು ಮಡಿಕೆಯ ದಪ್ಪ ಬಿಳಿ ಅರಿವೆಯಲ್ಲಿ ಸೋಸಬೇಕು. ಸೋಸಿದ ಮೇಲೆ ಅರಿವೆಯನ್ನು ಹಿಂಡಬಾರದು. ಅದನ್ನು ಮಗುಚಿ ಹಿಡಿದು, ಸೋಸಿದ ನೀರನ್ನೇ ಸುರಿದು, ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಆ ಚಿಕ್ಕ ಕೊಡಕ್ಕೆ ಇಳಿಸಬೇಕು. ಯಾವ ಬಾವಿಯ ನೀರೋ ಅದೇ ಬಾವಿಗೆ ಅವನ್ನು ತಿರುಗಿ ಬಿಡಬೇಕು. ಮೇಲಿನಿಂದ ಸುರಿದರೆ ಜೀವಕ್ಕೆ ಪೆಟ್ಟು. ಅದಕ್ಕೇ ತಳದ ಕಡಿಗೆ ಹಗ್ಗ ಕಟ್ಟಿ, ಅದೇ ಹಗ್ಗದ ಕೊಕ್ಕೆಯೊಂದನ್ನು ಕೊಡದ ಕಂಠಕ್ಕೆ ಸಿಕ್ಕಿಸುತ್ತಾರೆ. ಕೊಡ ನೆಟ್ಟಗೆ ಇಳಿಯುತ್ತದೆ; ನೀರಿಗೆ ತಾಗಿದೊಡನೆ ಹಗ್ಗ ಸಡಿಲಾಗಿ ಕೊಕ್ಕೆ ಕಳಚುತ್ತದೆ; ಎಳೆದರೆ ಕೊಡ ಬೋರಲಾಗಿ ಖಾಲಿಯಾಗಿ ಮೇಲೆ ಬರುತ್ತದೆ. ಹಗ್ಗಕ್ಕೆ ಮಾರಿಗೊಂದರಂತೆ ಕೆಂಪು ಚಿಂದಿ ಕಟ್ಟಿದ್ದರಿಂದ ನೀರು ಎಲ್ಲಿದೆ ಎಂಬುದು ತಾನಾಗಿಯೇ ತಿಳಿಯುತ್ತಿತ್ತು.

ಅಕ್ಕಾತಾಯಿಗೆ ಎಪ್ಪತ್ತಾರು. ಎರಡೂ ಕಣ್ಣಿಗೆ ಪೊರೆ. ದಿನಕ್ಕೆ ಒಂದೇ ಊಟ, ಬೆಳಿಗ್ಗೆ ಸೇದಿ ಸೋಸಿದ ಮೇಲೆ ಒಂದು ತಂಬಿಗೆ ನೀರು. ಈ ಬಾವಿಯದಲ್ಲದ ನೀರು ಕುಡಿಯುವುದಿಲ್ಲವೆಂದು ಗಂಡ ತೀರಿದ ವರ್ಷ ನೇಮ ಹಿಡಿದಿದ್ದಳು. ನೇಮ ಅವಳದು, ಅದಕ್ಕೆ ನೀರು ಸೇದುವ ರಟ್ಟೆ ಕಾಶಿಬಾಯಿಯದು.

ತೊಂಬತ್ತೊಂಬತ್ತರ ಫೆಬ್ರುವರಿಯ ಒಂದು ಬೆಳಿಗ್ಗೆ ಕಾಶಿಬಾಯಿಯ ಗಂಡ ಶ್ರೀಪಾಲ ಪೇಪರ್ ಹಿಡಿದುಕೊಂಡೇ ಅಡುಗೆಮನೆಗೆ ಬಂದ. ಮಗ ಬಾಹುಬಲಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಕುಳಿತಿದ್ದ. ಅವನು ಅಥಣಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಬಾಗದ ಕಾರಭಾರ ವಹಿಸಿಕೊಂಡು ಎರಡು ವರ್ಷವಾಗಿತ್ತು.

"ಸರಕಾರ ಕಾನೂನು ತರಾಕತ್ತೈತಂತ," ಎಂದ ಶ್ರೀಪಾಲ. "ಕುಡಿಯೋ ನೀರಿನ ಬಾವಿಯಿಂದ ಅರ್ಧಾ ಕಿಲೋಮೀಟರ್ ಒಳಗ ಪರವಾನಗಿ ಇಲ್ಲದ ಬೋರ್ ಹೊಡಿಯಂಗಿಲ್ಲ."

ಬಾಹುಬಲಿ ತುತ್ತು ನುಂಗಿ, "ಊರ ಬಾವಿ ನಮ್ಮ ಬಾಗದಿಂದ ಎಷ್ಟ ದೂರ ಐತಿ?" ಎಂದ.

"ಇನ್ನೂರ ಹೆಜ್ಜಿ ಆದೀತು."

"ಹಂಗಾರ ಕಾನೂನು ಬಂದ ಮ್ಯಾಲ ನಮಗ ಯಾವತ್ತೂ ಇಲ್ಲ. ಈಗ ಹೊಡ್ಕೊಂಡಾವ ಜಾಣ."

ಒಳಗಿನ ಕೋಣೆಯಿಂದ ಅಕ್ಕಾತಾಯಿಯ ದನಿ ಬಂತು. "ಬ್ಯಾಡ ಅಂತ ಕಾನೂನು ಮಾಡಾಕತ್ತಾರ. ನೀ ಅದನ್ನ ಹೊಡಿ ಅಂತ ಓದೀದಿಯಲ್ಲೋ."

"ಆಯಿ, ಊರೆಲ್ಲಾ ಹಂಗs ಓದೈತಿ. ಮಗ್ಗಲ ಹೊಲದ ಮಾಯಪ್ಪ ನಿನ್ನೇನs ಬೋರಿನ ಗಾಡಿಗೆ ಮುಂಗಡ ಕೊಟ್ಟ ಬಂದಾನ," ಎಂದ ಬಾಹುಬಲಿ ಅಜ್ಜಿಗೆ.

ಅದು ಸುಳ್ಳಾಗಿರಲಿಲ್ಲ. ಆ ತಿಂಗಳು ಊರಿಗೆ ಬೋರು ಕೊರೆಯುವ ಎರಡು ಗಾಡಿಗಳು ಬಂದವು. ನೀರು ಉಳಿಸುವ ಕಾನೂನು ಬರುತ್ತದೆಂಬ ಸುದ್ದಿಗೆ, ಮೂವತ್ತು ವರ್ಷದಲ್ಲಿ ಬೀಳದಷ್ಟು ಬೋರು ಮೂರು ವಾರದಲ್ಲಿ ಬಿದ್ದವು. ಹಗಲೆಲ್ಲ ಗಾಡಿಯ ಗುಡುಗು. ಬಿಳಿ ಧೂಳು ಒಣಗಹಾಕಿದ ಸೀರೆ, ಹಪ್ಪಳ, ತುಳಸಿಯ ಮೇಲೆಲ್ಲ ಕೂತಿತು. ಏಳನೆಯ ಬೋರು ಶ್ರೀಪಾಲನದಾಗುವುದೆಂದು ಠರಾವಾಯಿತು.

ಎಲ್ಲಿ ಹೊಡೆಯುವುದೆಂಬುದಕ್ಕೆ ಎರಡು ದಿನ ಜಗಳ ನಡೆಯಿತು. ಶ್ರೀಪಾಲ ಬಾಗದ ಆಚೆ ತುದಿಗೆ ಹೊಡೆಯೋಣವೆಂದ. ಬಾಹುಬಲಿ ಒಪ್ಪಲಿಲ್ಲ.

"ಅಲ್ಲಿ ಕರೆಂಟ್ ಎಲ್ಲೈತಿ, ಅಪ್ಪಾ? ಹೊಸಾ ಕನೆಕ್ಷನ್ ಕೇಳಿದ್ರ ಪಾಳಿ ಯಾವಾಗ ಬರತೈತೋ. ಬಾಗಕ್ಕ ನೀರ ಬಿಡೋ ಈ ಬಾವಿ ಮೋಟರಿಂದು ಆರ್.ಆರ್. ನಂಬರ್ ಐತಲ್ಲ, ಅದನ್ನs ಬೋರಿಗೆ ತಿರಗಿಸಿದ್ರ ಮುಗೀತು. ಕಂಬದ ಬುಡಕs ಹೊಡಿಬೇಕು."

"ಕಂಬ ಬಾವಿ ಮಗ್ಗಲಕs ಐತಿ."

"ಇರಲಿ. ಬಾವಿ ನೀರು ಮ್ಯಾಲಿನ ಪದರಿಂದು, ಬೋರಿನ ನೀರು ಇನ್ನೂರ ಫೂಟ್ ಕೆಳಗಿಂದು. ಅದರ ಮನಿ ಬ್ಯಾರೆ, ಇದರ ಮನಿ ಬ್ಯಾರೆ."

ಅಕ್ಕಾತಾಯಿ ಹೊರಗೆ ಬಂದು ಪಡಸಾಲೆಯ ಕಂಬ ಹಿಡಿದು ಕುಳಿತಳು. "ಒಂದs ಹಿತ್ತಲದಾಗ ಎರಡ ಮನಿ ಮಾಡಿದಾವ್ರು ಕಡೀಕ ಜಗಳಾಡದ ಬಿಡಂಗಿಲ್ಲಪಾ," ಎಂದಳು.

"ಆಯಿ, ನಿನ್ನ ಬಾವಿಗೆ ಏನೂ ಆಗಂಗಿಲ್ಲ. ನಾ ಓದೀನಿ."

ಕಾಶಿಬಾಯಿ ಯಾರ ಪರವಾಗಿಯೂ ಮಾತಾಡಲಿಲ್ಲ. ರಾತ್ರಿಗೆ ನೆನೆಹಾಕುವ ಮಡಕೆಕಾಳು ಆರಿಸುತ್ತಿದ್ದಳು. ಬೋರು ಬಿದ್ದರೆ ಅಟ್ಟದ ಮೇಲೆ ಟಾಕಿ ಕೂಡಿಸಿ ಅಡುಗೆಮನೆಗೆ ನಳ ಎಳೆಯುತ್ತೇನೆಂದು ಮಗ ಹೇಳಿದ್ದ. ಅವಳ ಬಲಗೈಯ ಹೆಬ್ಬೆರಳ ಬುಡ ಹಗ್ಗ ತಿಂದು ತಿಂದು ಕುದುರೆಯ ಗೊರಸಿನಂತಾಗಿತ್ತು. ಹೋದ ವರ್ಷದಿಂದ ಭುಜದಲ್ಲಿ ಒಂದು ಎಳೆತ. ಕೊಡ ಮೇಲೆ ಬರುವ ಕೊನೆಯ ಮಾರಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನಳ ಎಂಬ ಮಾತು ಕೇಳಿದಾಗಿನಿಂದ ಅವಳಿಗೆ ಆ ಭುಜ ಹೆಚ್ಚೇ ನೋಯತೊಡಗಿತ್ತು.

ಗಾಡಿ ಬಂದ ದಿನ ಅವಳು ಗಾಡಿಯವರಿಗೆ ಅವಲಕ್ಕಿ ಕಲೆಸಿಕೊಂಡು ಹೋದಳು. ಮಣ್ಣು ಕುಸಿಯದಂತೆ ಇಪ್ಪತ್ತು ಫೂಟು ಕೇಸಿಂಗ್ ಪೈಪು ಇಳಿಸಿ ಆಗಿತ್ತು. ಅಲ್ಲಿಂದ ಕೆಳಗೆ ಕಲ್ಲು, ಪೈಪು ಬೇಡ ಎಂದು ಬಾಹುಬಲಿ ಹೇಳಿದ್ದ. ಒಣ ಬಿಳಿ ಧೂಳು ಉಗುಳುತ್ತಿದ್ದ ಬಾಯಿ ಒಮ್ಮೆಲೇ ಕಪ್ಪಗೆ ಹಸಿಯಾಯಿತು. ಸ್ವಲ್ಪ ಹೊತ್ತು ಕೆಸರು ಕಾರಿತು.

"ನೀರ ಹತ್ತೇತಿ," ಎಂದ ಬಾಹುಬಲಿ. "ನಲವತ್ತೆರಡಕs ಹತ್ತೇತಿ. ಅಪ್ಪಾ, ನೋಡು."

ಗಾಡಿಯವ ಯಂತ್ರ ನಿಲ್ಲಿಸಿ, ತನ್ನ ಹರಕು ಹಿಂದಿಯಲ್ಲಿ, ಇಲ್ಲಿಯವರೆಗೂ ಪೈಪು ಹಾಕಬೇಕೇ ಎಂದು ಕೇಳಿದ.

"ಯಾಕ? ಬಂದ ನೀರು ಯಾರರ ಬಂದ್ ಮಾಡ್ತಾರೇನು? ಬರ್ಲಿ ಬಿಡು," ಎಂದ ಬಾಹುಬಲಿ.

ಕಾಶಿಬಾಯಿ ಅವಲಕ್ಕಿಯ ಪರಾತ ಹಿಡಿದು ನಿಂತಿದ್ದಳು. ಮಾರಿಗೆ ಆರು ಫೂಟು. ಏಳಾರಲೆ ನಲವತ್ತೆರಡು. ಅವಳು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಈ ಮಗ್ಗಿಗೆ ಅಷ್ಟೂ ಬೇಕಾಗಿರಲಿಲ್ಲ. ಆ ದಿನ ಬೆಳಿಗ್ಗೆಯೇ ಅವಳು ಏಳು ಮಾರು ಎಂದು ಹೇಳಿ ಬಂದಿದ್ದಳು. ಬಾವಿ ಅಲ್ಲಿಂದ ಹತ್ತು ಹೆಜ್ಜೆ. ಗಂಡನ ಮುಖ ನೋಡಿದಳು. ಶ್ರೀಪಾಲ ಬೇರೆ ಕಡೆ ನೋಡುತ್ತಿದ್ದ. ಮಗ ನಗುತ್ತಿದ್ದ. ಹೇಳುವುದಾದರೆ ಈಗಲೇ ಹೇಳಬೇಕು ಎಂದು ತಿಳಿಯಿತು. ಪರಾತವನ್ನು ಕಲ್ಲಿನ ಮೇಲೆ ಇಟ್ಟು, "ಅವಲಕ್ಕಿ ಆರತೈತಿ, ತಿನ್ರಿ," ಎಂದಳು.

ಯಂತ್ರ ಮತ್ತೆ ಗುಡುಗಿತು. ಇನ್ನೂರ ಹತ್ತು ಫೂಟಿಗೆ ಎರಡಿಂಚು ನೀರು ಸಿಕ್ಕಿತು. ಊರಲ್ಲಿ ಪೇಢೆ ಹಂಚಿದರು.

ಎಂಟು ದಿನದಲ್ಲಿ ಅಡುಗೆಮನೆಗೆ ನಳ ಬಂತು. ಹಿತ್ತಾಳೆಯ ಹೊಸ ತೋಟಿ. ಬಾಹುಬಲಿ ಅದರ ಬಾಯಿಗೆ ಬಿಳಿ ಅರಿವೆ ಸುತ್ತಿ ದಾರ ಕಟ್ಟಿದ. "ಅವ್ವಾ, ತಿರವು," ಎಂದ. ಕಾಶಿಬಾಯಿ ತಿರುವಿದಳು. ನೀರು ಹಗ್ಗವಿಲ್ಲದೆ, ಸದ್ದಿಲ್ಲದೆ ಬಂದು ಕೊಡ ತುಂಬಿತು. ಅವಳು ಯಾಕೆಂದು ತಿಳಿಯದೆ ನಕ್ಕಳು, ಸಣ್ಣ ಹುಡುಗಿಯ ಹಾಗೆ, ಗಟ್ಟಿಯಾಗಿ.

"ನೋಡ ಆಯಿ, ಸೋಸಿದ್ದs ಬರತೈತಿ. ನೀನೂ ಇದನ್ನ ಕುಡಿ ಇನ್ನ ಮ್ಯಾಲ."

ಅಕ್ಕಾತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಸೋಸೂದು ಅರ್ಧಾ ಕೆಲಸಪಾ. ತಿರಗಿ ಬಿಡೂದು ಇನ್ನರ್ಧ. ಆ ಅರಿವ್ಯಾಗಿನ ಜೀವಾ ಎಲ್ಲಿ ಬಿಡತಿ? ನಾಕಿಂಚಿನ ಪೈಪಿನಾಗ ಕೊಡಾ ಇಳಸ್ತಿ ಏನ?"

"ಬೋರಿನ ನೀರಾಗ ಜೀವಾನs ಇರಂಗಿಲ್ಲ ಆಯಿ. ಸ್ವಚ್ಛ ಇರತೈತಿ."

"ಹಂಗಾರ ಅರಿವಿ ಯಾಕ ಕಟ್ಟೀದಿ?"

ಬಾಹುಬಲಿ ಅರಿವೆಯ ದಾರವನ್ನು ಮತ್ತೊಮ್ಮೆ ಬಿಗಿದ. ಶ್ರೀಪಾಲ ನಗು ತಡೆಯುತ್ತ ಹೊರಗೆ ಹೋದ.

ಹೀಗೆ ಮನೆಯಲ್ಲಿ ಎರಡು ನೀರು ಆದವು. ಮೂವರಿಗೆ ನಳದ್ದು, ಮುದುಕಿಗೆ ಬಾವಿಯದು. ನಳದ ನೀರಿನಲ್ಲಿ ಬೆಂದ ಬೇಳೆ ಅವಳಿಗೆ ನಡೆಯುತ್ತಿರಲಿಲ್ಲ. ಎರಡು ಬೋಗುಣಿ, ಎರಡು ಸಾರು, ಎರಡು ಸಲ ಹಿಟ್ಟು ನಾದುವುದು. ಹತ್ತು ಕೊಡ ಸೇದುತ್ತಿದ್ದವಳು ಮೂರು ಸೇದಿದರಾಯಿತು ಎಂದು ಕಾಶಿಬಾಯಿ ತನಗೆ ತಾನೇ ಹೇಳಿಕೊಂಡಳು. ಆದರೆ ಆ ಮೂರು ಕೊಡ ದಿನದಿಂದ ದಿನಕ್ಕೆ ಭಾರವಾಗುತ್ತ ಹೋದವು.

ಮಾರ್ಚಿನ ನಡುವಿಗೆ, ಎಂಟನೆಯ ಚಿಂದಿ ಬಾವಿಯ ಬಾಯಿಗೆ ಬಂದ ಮೇಲಷ್ಟೇ ಕೊಡ ನೀರು ಮುಟ್ಟಿತು.

"ಎಷ್ಟಾತು?" ಎಂದಳು ಅಕ್ಕಾತಾಯಿ.

"ಏಳು, ಅತ್ತಿ."

ಮೊದಲ ಸುಳ್ಳು ಹಾಗೆ ಹೊರಟಿತು. ಒಂದು ಮಾರಿಗಾಗಿ ಮನೆಯಲ್ಲಿ ರಾಮಾಯಣ ಬೇಡ ಎಂದುಕೊಂಡಳು. ತಿಂಗಳ ಕೊನೆಗೆ ಒಂಬತ್ತೂವರೆ ಆಯಿತು. ಎಪ್ಪತ್ತೆರಡರ ಗುರುತು ದಾಟಿದ ದಿನ ಅವಳ ಕೈ ಹಗ್ಗದ ಮೇಲೆ ಸ್ವಲ್ಪ ಹೊತ್ತು ನಿಂತಿತು.

"ಎಷ್ಟಾತು?"

"ಏಳೂವರಿ, ಅತ್ತಿ. ಬ್ಯಾಸಗಿ ಅಲ್ಲಾ."

"ಹೌದು. ಬ್ಯಾಸಗಿ." ಮುದುಕಿ ತಂಬಿಗೆ ಎತ್ತಿ ನಿಧಾನವಾಗಿ ಕುಡಿದಳು. ಮೊದಲು ತುಂಬ ಕುಡಿಯುತ್ತಿದ್ದವಳು ಈಗ ಅರ್ಧಕ್ಕೆ ಸಾಕು ಎನ್ನುತ್ತಿದ್ದಳು.

ಕರೆಂಟು ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ, ಆರು ತಾಸು. ಅದು ಹೋಗಿ ಮೋಟರು ನಿಂತ ಮೇಲೆ ಬೋರಿನ ಪೈಪಿಗೆ ಕಿವಿ ಕೊಟ್ಟರೆ ಒಳಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಮೇಲಿನಿಂದ ಕೆಳಕ್ಕೆ, ಎಡೆಬಿಡದೆ, ಬಚ್ಚಲ ಮೋರಿಯಲ್ಲಿ ಇಳಿದ ಹಾಗೆ. ಬಾಗದ ಕೆಲಸಕ್ಕೆ ಹದಿನೈದು ವರ್ಷದಿಂದ ಬರುತ್ತಿದ್ದ ಶೇವಂತಾ ಅದನ್ನು ಮೊದಲು ಕೇಳಿದಳು. ದ್ರಾಕ್ಷಿ ಬಳ್ಳಿ ಕತ್ತರಿಸುವ ಏಪ್ರಿಲ್ ಛಾಟಣಿ ನಡೆದಿತ್ತು. ಕತ್ತರಿ ಸೊಂಟಕ್ಕೆ ಸಿಕ್ಕಿಸಿ ಬೋರಿನ ಕಟ್ಟೆಗೆ ಕುಳಿತಿದ್ದಳು.

"ವೈನಿ, ಇದರಾಗ ಏನೋ ಸುರಿಯಾಕತ್ತೈತಲ್ಲ?"

"ಪೈಪಿನಾಗಿನ ನೀರು ತಿರಗಿ ಇಳಿತೈತಿ," ಎಂದಳು ಕಾಶಿಬಾಯಿ.

"ತಾಸಗಟ್ಲೆ ಇಳಿತೈತೇನ್ರಿ?" ಶೇವಂತಾ ಮತ್ತೆ ಕಿವಿಯಿಟ್ಟಳು. "ನಮ್ಮ ಓಣಿ ಬೋರಿಂಗ್ ನೋಡ್ರಿ, ಕೆಮ್ಮಾಕತ್ತೈತಿ. ಐವತ್ತ ಸಲಾ ಒತ್ತಿದ್ರ ಒಂದ ಬಕೀಟು. ಊರಾಗ ಏಳ ಬೋರ್ ಆದುವಲ್ಲ, ಎಲ್ಲಾರೂ ಒಂದs ಗಿಂಡಿಗೆ ಏಳ ಕೊಳಿವಿ ಹಚ್ಚಿ ಎಳದಂಗ ಆಗೇತಿ."

"ಇಲ್ಲೇ ತುಂಬಕೊಂಡ ಹೋಗ. ಯಾರ ಬ್ಯಾಡ ಅಂತಾರ?"

"ನೀವ ಅನ್ನಂಗಿಲ್ರಿ. ಕರೆಂಟ್ ಅಂತೈತಿ," ಎಂದು ಶೇವಂತಾ ನಕ್ಕು ಎದ್ದಳು.

ಆ ವಾರವೇ ಬಾಹುಬಲಿ ಬೇದಾಣೆ, ಅಂದರೆ ಒಣದ್ರಾಕ್ಷಿ, ಮಾರಲು ಪೇಟೆಗೆ ಹೋದವನು ಕಾನೂನಿನ ವಿವರ ಬಂದ ಪೇಪರ್ ತಂದ. ಹೊತ್ತು ಮುಳುಗುವ ಮುನ್ನ ಎಲ್ಲರೂ ಊಟಕ್ಕೆ ಕುಳಿತಿದ್ದರು. ರೊಟ್ಟಿ, ಹೆಸರುಕಾಳು ಪಲ್ಯ, ಮಜ್ಜಿಗೆ. ಅವನು ತಟ್ಟೆಯ ಪಕ್ಕ ಪೇಪರ್ ಹರಡಿ ಓದಿದ. ಸಾರ್ವಜನಿಕ ಕುಡಿಯುವ ನೀರಿನ ಮೂಲ, ಐನೂರು ಮೀಟರ್, ಅಧಿಕಾರಿಯ ಅನುಮತಿ.

"ಮೊದಲs ಹೊಡದಾವ್ರಿಗೆ?" ಎಂದ ಶ್ರೀಪಾಲ.

"ನೀರ ಕಡಿಮಿ ಬಿದ್ದ ವರ್ಷ ಬಂದ್ ಮಾಡ್ರಿ ಅನಬಹುದು. ಅಂದಾಗ ನೋಡೂನು. ಹೊಡದ ತೂತು ಯಾರೂ ಹೊತ್ಕೊಂಡ ಹೋಗಂಗಿಲ್ಲ."

ಅಕ್ಕಾತಾಯಿ ತನ್ನ ಮೂಲೆಯಿಂದ ಕೇಳಿದಳು. "ಸಾರ್ವಜನಿಕ ಅಂದ್ರ?"

"ಊರ ಮಂದಿ ಕುಡಿಯೂದು, ಆಯಿ."

"ಒಬ್ಬಾಕಿನs ಕುಡಿಯೋ ಬಾವಿಗೆ ಎಷ್ಟ ಮೀಟರ್ ಬರದಾರ?"

ಬಾಹುಬಲಿ ಪೇಪರ್ ಮಡಿಚಿದ.

"ಆಯಿ, ನಿನಗ ಬಾವ್ಯಾಗ ಏನ ಕಡಿಮಿ ಆಗೇತಿ? ಏಳೂವರಿ ಐತಿ ಅಂತ ಅವ್ವ ದಿನಾ ಹೇಳ್ತಾಳಲ್ಲ."

ಕಾಶಿಬಾಯಿ ರೊಟ್ಟಿಯ ಬುಟ್ಟಿಗೆ ಕೈ ಹಾಕಿ, ಇನ್ನೊಂದು ರೊಟ್ಟಿ ಮಗನ ತಟ್ಟೆಗೆ ಹಾಕಿದಳು. ಅವನು ಸಾಕು ಎಂದು ಆಗಲೇ ಕೈ ಅಡ್ಡ ಹಿಡಿದಿದ್ದ.

ಏಪ್ರಿಲ್ ಮುಗಿಯುವ ಹೊತ್ತಿಗೆ ಸೇದಿದ ಕೊಡದಲ್ಲಿ ನೀರಿನ ಜೊತೆ ಕೆಂಪು ರಾಡಿ ಬರತೊಡಗಿತು. ಅವಳು ಎರಡರ ಬದಲು ನಾಲ್ಕು ಮಡಿಕೆ ಮಾಡಿ ಸೋಸಿದಳು, ಕೊಡದಲ್ಲಿ ತಿಳಿಯಾಗಲು ಬಿಟ್ಟು ಮತ್ತೆ ಸೋಸಿದಳು. ಮೂರು ಕೊಡ ಒಂದಾಯಿತು. ಮುದುಕಿಯ ಸೀರೆಯನ್ನು ನಳದ ನೀರಿನಲ್ಲೇ ಒಗೆದಳು, ಬಾವಿಯದರಲ್ಲಿ ಒಗೆದೆ ಎಂದಳು. ಭುಜ ನೋಯುವುದು ನಿಂತಿತ್ತೋ, ಅವಳಿಗೆ ಅದರ ಕಡೆ ಗಮನ ಹೋಗುತ್ತಿರಲಿಲ್ಲವೋ.

ಮೇ ತಿಂಗಳ ಮೊದಲ ವಾರ, ಒಂದು ಬೆಳಿಗ್ಗೆ, ಸೇದುವ ಕೊಡ ನೀರಿಗೆ ತಾಗುವ ಸದ್ದು ಬರಲಿಲ್ಲ. ಠಣ್ ಎಂದಿತು. ಕಲ್ಲು. ಹನ್ನೆರಡನೆಯ ಚಿಂದಿ ಬಾವಿಯ ಬಾಯಲ್ಲಿ, ಅವಳ ಕೈಯ ಕೆಳಗೆ ಇತ್ತು. ಎಳೆದಳು. ಕೊಡದ ತಳದಲ್ಲಿ ಅಂಗೈಯಷ್ಟು ಕೆಸರು, ಅದರಲ್ಲಿ ಒಂದು ಸಣ್ಣ ಕಪ್ಪೆ.

ಅವಳು ಕಟ್ಟೆಯ ಮೇಲೆ ಕುಳಿತಳು. ಹಿಂದಿನ ದಿನದ್ದು ಅರ್ಧ ತಂಬಿಗೆ ಸೋಸಿದ ನೀರು ಒಳಗೆ ಇತ್ತು. ಅರಿವೆ ಹೆಗಲ ಮೇಲೆ ಒಣಗಿತ್ತು. ಬಾಗದಲ್ಲಿ ಮೋಟರು ಸುರುವಾದ ಸದ್ದು ಕೇಳಿತು. ಆ ವಾರ ಬೆಳಗಿನ ಪಾಳಿ.

"ಎಷ್ಟಾತು?" ಅಕ್ಕಾತಾಯಿ ಬಾಗಿಲಿಗೆ ಬಂದಿದ್ದಳು.

ಕಾಶಿಬಾಯಿಯ ಬಾಯಲ್ಲಿ ಎಂಟು ಎಂಬ ಮಾತು ತಯಾರಾಗಿಯೇ ಇತ್ತು. ಅದು ಹೊರಡಲಿಲ್ಲ.

"ಅತ್ತಿ, ಬಾವಿ ಮುಗೀತು."

ಮುದುಕಿ ಗೋಡೆ ಹಿಡಿದು ಬಂದು ಅವಳ ಪಕ್ಕದಲ್ಲಿ ಕುಳಿತಳು. ಸದ್ದು ಕೇಳಿ ಶ್ರೀಪಾಲ ಬಂದ, ಬಾಗದಿಂದ ಬಾಹುಬಲಿ ಬಂದ. ಬಾವಿಯಲ್ಲಿ ಇಣುಕಿದರು. ಯಾರೂ ಕೂಗಾಡಲಿಲ್ಲ.

"ನಿನ್ನೆ ಎಂಟು ಅಂದಿದ್ದಿ," ಎಂದ ಬಾಹುಬಲಿ.

"ನಿನ್ನೆ ಹನ್ನೊಂದೂ ಮುಕ್ಕಾಲು ಇತ್ತು. ಎರಡ ತಿಂಗಳಾತು ನಾ ಸುಳ್ಳ ಹೇಳಾಕ ಹತ್ತಿ." ಅವಳ ದನಿ ಸುಸ್ತಾಗಿತ್ತು, ಅಷ್ಟೇ. "ಗಾಡಿಯಾಂವ ನಲವತ್ತೆರಡಕ್ಕ ಪೈಪ್ ಹಾಕಲಿ ಏನು ಅಂತ ಕೇಳಿದಾಗ ನಾ ಅಲ್ಲೇ ಇದ್ನಿ. ಅದು ನಮ್ಮ ಬಾವಿ ನೀರು. ಏಳಾರಲೆ ನಲವತ್ತೆರಡು. ನನಗ ತಿಳಿದಿತ್ತು. ನಾ ಅನಲಿಲ್ಲ."

ಶ್ರೀಪಾಲ ನೆಲ ನೋಡುತ್ತ, "ನನಗೂ ತಿಳಿದಿತ್ತು," ಎಂದ.

"ಹಂಗಾರ ನನಗೊಬ್ಬಂಗs ಗೊತ್ತಿರಲಿಲ್ಲೇನು?" ಬಾಹುಬಲಿಯ ಮುಖ ಕೆಂಪಾಯಿತು. "ಓದಿದಾಂವ ನಾನು."

"ನೀ ಪುಸ್ತಕ ಓದೀದಿ. ನಿಮ್ಮವ್ವ ಹಗ್ಗಾ ಓದ್ಯಾಳ," ಎಂದ ಶ್ರೀಪಾಲ. "ಈಗ ಮುಚ್ಚಾಕ ಬರತೈತೇನು? ಮೋಟರ್ ಎತ್ತಿ, ಒಳಗ ಇನ್ನೊಂದ ಪೈಪ್ ಇಳಿಸಿ, ಮ್ಯಾಲಿನ ನೀರು ಬೋರಿಗೆ ಇಳಿಯದಂಗ ಮಾಡಾಕ?"

"ಬರತೈತಿ. ಮಾಡಿದ್ರ ಬೋರ್ ಅರ್ಧಾ ತಾಸ ಎಳದ ನಿಂದರತೈತಿ. ಕೆಳಗಿನ ನೀರು ಏಳ ಮಂದಿ ಪಾಲಾಗೇತಿ, ಅಪ್ಪಾ. ಈಗ ಬಾಗಕ್ಕ ಹೋಗೂದs ಈ ಬಾವಿ ನೀರು. ಛಾಟಣಿ ಆಗಿ ತಿಂಗಳಾತು, ಕೊನಿ ಚಿಗರಾಕತ್ತಾವ. ಎಂಟ ದಿನಾ ನೀರ ತಪ್ಪಿದ್ರ ಮುಂದಿನ ವರ್ಷದ ಹಣ್ಣಿಲ್ಲ." ಅವನು ಅಜ್ಜಿಯ ಕಡೆ ತಿರುಗಿದ. "ಮಳಿ ಬಂದ ಮ್ಯಾಲ ಮುಚ್ಚತೀನಿ, ಆಯಿ. ಆಣಿ ಮಾಡಿ ಹೇಳ್ತೀನಿ. ಅಲ್ಲೀತನಾ ನಳದ್ದು ಕುಡಿ. ಒಂದ ತಿಂಗಳ ಮಾತು."

ಮೋಟರಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಅಕ್ಕಾತಾಯಿ ಆ ಕಡೆ ಕಿವಿ ಇಟ್ಟು ಕುಳಿತಿದ್ದಳು.

"ನಾ ಏನ ಮುಚ್ಚ ಅಂದ್ನೇನಪಾ?" ಎಂದಳು. "ಗಿಡಾನೂ ಜೀವನs. ಹೋಗ, ನಿನ್ನ ಕೆಲಸಾ ನೋಡ ಹೋಗ."

ಗಂಡಸರು ಹೋದ ಮೇಲೆ ಕಾಶಿಬಾಯಿ ಕೊಡದ ಕೆಸರಿನಲ್ಲಿದ್ದ ಕಪ್ಪೆಯನ್ನು ತುಳಸಿಕಟ್ಟೆಯ ತಂಪಿಗೆ ಬಿಟ್ಟಳು.

"ಬೈರಿ ಅತ್ತಿ," ಎಂದಳು. "ಒಂದ ಸಲಾ ಬೈರಿ."

"ಯಾಕ ಬೈಲಿ? ಆ ಬಾವಿ ರಾಟಿ ಗಾಲಿ ಹತ್ತ ಸಲಾ ಕಿರ್ ಅಂದ್ರ ಒಂದ ಮಾರು. ಎಪ್ಪತ್ತ ಸಲಾ ಅನ್ನೂದು ನೂರಾ ಹತ್ತ ಆದ್ರ ನನಗ ಕೇಳಸಂಗಿಲ್ಲೇನು? ಕಣ್ಣ ಹೋಗ್ಯಾವ, ಕಿವಿ ಅದಾವ."

ಕಾಶಿಬಾಯಿ ತಲೆ ಎತ್ತಿದಳು. "ಗೊತ್ತಿತ್ತ?"

"ಗಾಡಿ ಕೆಸರು ಉಗುಳಿದ ದಿನಾನs ಗೊತ್ತಾತು. ಐವತ್ತೆಂಟ ವರ್ಷ ಸೋಸಿದ ನೀರು. ಅದರ ವಾಸನಿ ನನಗ ತಿಳಿಯಂಗಿಲ್ಲಾ?"

"ಮತ್ತ ಯಾಕ ಅನಲಿಲ್ಲ?"

ಅಕ್ಕಾತಾಯಿ ಸೆರಗಿನಿಂದ ಕಣ್ಣಿನ ಪಿಸುರು ಒರೆಸಿಕೊಂಡಳು. "ಅನಬೇಕು ಅಂತನs ಅಡಗಿಮನಿ ಬಾಗಲಕ ಬಂದಿದ್ನಿ. ನೀ ಆ ನಳ ತಿರವಿ ನಕ್ಕಿ. ಇಪ್ಪತ್ತಾರ ವರ್ಷದಾಗ ಈ ಮನ್ಯಾಗ ನೀ ಹಂಗ ನಕ್ಕಿದ್ದ ನಾ ಕೇಳಿರಲಿಲ್ಲ. ನಕ್ಕೊಳ್ಳಲಿ ಬಿಡು ಅಂದ್ನಿ."

ಕಾಶಿಬಾಯಿ ಹಗ್ಗವನ್ನು ಕೈಗೆ ತೆಗೆದುಕೊಂಡು ಸುತ್ತತೊಡಗಿದಳು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದಳು. ಒಳಗೆ ಹೋಗಿ ಅರ್ಧ ತಂಬಿಗೆ ನೀರು ತಂದಿಟ್ಟಳು. ಮುದುಕಿ ಅದನ್ನು ಮುಟ್ಟಲಿಲ್ಲ.

"ಇದು ಇವತ್ತಿಗೆ. ನಾಳಿಗೆ?" ಎಂದಳು ಕಾಶಿಬಾಯಿ.

"ಈ ಬಾವಿದs ಅಂತ ನೇಮಾ ಹಿಡಿದಾಕಿ ನಾ. ಬಾವಿನs ಇಲ್ಲಂದ್ರ ನೇಮಾ ಯಾರ ಮ್ಯಾಲ ಹಿಡೀಲಿ? ತಿರಗಿ ಬಿಡಾಕ ಬರೋ ನೀರಾದ್ರ ಸಾಕು. ಊರ ಬಾವಿ ಐತಲ್ಲ."

"ನಾ ತರತೀನಿ ಅತ್ತಿ. ನೀವ ಬರಬ್ಯಾಡ್ರಿ."

"ಬರತೀನಿ. ಕೇಳಸ್ಕೊಬೇಕಲ್ಲ."

ಮರುದಿನ ಬಿಸಿಲು ಏರುವ ಮೊದಲು ಇಬ್ಬರೂ ಹೊರಟರು. ಕಾಶಿಬಾಯಿಯ ಸೊಂಟದಲ್ಲಿ ದೊಡ್ಡ ಕೊಡ, ಹೆಗಲ ಮೇಲೆ ಅರಿವೆ ಮತ್ತು ಹಗ್ಗ. ಮುದುಕಿಯ ಕೈಯಲ್ಲಿ ಕಡಿ ಇರುವ ಚಿಕ್ಕ ಕೊಡ. ಅಡುಗೆಮನೆಯ ನಳ ತೊಟ್ಟಿಕ್ಕುವುದು ಹಿತ್ತಲವರೆಗೂ ಕೇಳುತ್ತಿತ್ತು. ಇನ್ನೂರು ಹೆಜ್ಜೆ ಎಂದು ಶ್ರೀಪಾಲ ಹೇಳಿದ್ದು ಗಂಡಸಿನ ಹೆಜ್ಜೆಯ ಲೆಕ್ಕ. ಮುದುಕಿಯ ಜೊತೆ ಅದು ಐನೂರಾಯಿತು, ನಡುವೆ ಎರಡು ಸಲ ಕೂರಬೇಕಾಯಿತು.

ಊರ ಬಾವಿಯಲ್ಲಿ ಸಾಲು ಇತ್ತು. ಓಣಿಯ ಬೋರಿಂಗ್ ಪೂರಾ ನಿಂತು ನಾಲ್ಕು ದಿನವಾಗಿದ್ದರಿಂದ ಶೇವಂತಾಳೂ ಅಲ್ಲೇ ಇದ್ದಳು. ಇವರನ್ನು ಕಂಡು ಅವಳು ಕೊಡ ಪಕ್ಕಕ್ಕೆ ಸರಿಸಿದಳು.

"ಏನ ವೈನಿ, ನಳ ಮುನಿಸ್ಕೊಂಡ್ತೇನ್ರಿ?"

"ಬಾವಿ ಮುನಿಸ್ಕೊಂಡೈತಿ," ಎಂದಳು ಕಾಶಿಬಾಯಿ.

ಪಾಳಿ ಬಂದಾಗ ಕಾಶಿಬಾಯಿ ಕೊಡ ಬಿಟ್ಟಳು. ಮನೆಯ ಹಗ್ಗ ಹದಿಮೂರು ಮಾರಿನದು. ಅದು ಮುಗಿದರೂ ಕೊಡ ಗಾಳಿಯಲ್ಲೇ ತೂಗುತ್ತಿತ್ತು.

"ಹತ್ತಂಗಿಲ್ರಿ. ನನ್ನದ ಕಟ್ಲಿ?" ಶೇವಂತಾ ತನ್ನ ಹಗ್ಗದ ತುದಿ ಹಿಡಿದು ಕೇಳಿದಳು. ಕೇಳಿ, ಮುದುಕಿಯ ಕಡೆ ನೋಡಿ ನಿಂತಳು. ಆ ಬಾವಿಯ ಕಟ್ಟೆ ಹತ್ತಲು ಮೇಲಿನ ಜಾತಿಯವರು ಅವಳ ಓಣಿಯವರನ್ನು ಬಿಟ್ಟು ತುಂಬ ವರ್ಷವಾಗಿರಲಿಲ್ಲ.

ಕಾಶಿಬಾಯಿಯೂ ಅತ್ತೆಯನ್ನು ನೋಡಿದಳು.

"ಕಟ್ಟವಾ," ಎಂದಳು ಅಕ್ಕಾತಾಯಿ. "ಗಂಟ ಗಟ್ಟಿ ಹಾಕ. ಕೊಡಾ ಬಿದ್ದೀತು."

ಎರಡು ಹಗ್ಗ ಒಂದಾದವು. ನೀರು ಬಂತು. ಕಾಶಿಬಾಯಿ ಅಲ್ಲೇ ಸೋಸಿದಳು, ಅರಿವೆ ಮಗುಚಿ ತೊಳೆದಳು. ಚಿಕ್ಕ ಕೊಡದ ಕಡಿಗೆ ಹಗ್ಗ ಕಟ್ಟಿ, ಕೊಕ್ಕೆ ಸಿಕ್ಕಿಸಿ, ನೆಟ್ಟಗೆ ಇಳಿಬಿಟ್ಟಳು. ಸಾಲಿನ ಹೆಂಗಸರು ಕತ್ತು ಚಾಚಿ ನೋಡಿದರು. ಗಾಲಿ ಕಿರ್ ಕಿರ್ ಎನ್ನುತ್ತಿತ್ತು. ಮುದುಕಿ ತಲೆ ಬಗ್ಗಿಸಿ ಕೇಳುತ್ತಿದ್ದಳು. ಈ ಗಾಲಿ ಅವಳದಲ್ಲ, ಅದರ ಲೆಕ್ಕ ಅವಳಿಗೆ ಬರುತ್ತಿರಲಿಲ್ಲ. ಕೆಂಪು ಚಿಂದಿಗಳೆಲ್ಲ ಮುಗಿದ ಮೇಲೆ ಕಾಶಿಬಾಯಿ ಶೇವಂತಾಳ ಹಗ್ಗವನ್ನು ಕೈಯಿಂದ ಕೈಗೆ ಅಳೆಯುತ್ತ ಬಿಟ್ಟಳು. ಕೊಕ್ಕೆ ಕಳಚಿದ್ದು ಬೆರಳಿಗೆ ತಿಳಿಯಿತು.

"ಎಷ್ಟಾತು?" ಎಂದಳು ಅಕ್ಕಾತಾಯಿ.

ಕಾಶಿಬಾಯಿ ಹಗ್ಗವನ್ನು ಇನ್ನೊಮ್ಮೆ ನೋಡಿಕೊಂಡಳು.

"ಹದಿನಾಕೂವರಿ, ಅತ್ತಿ."

"ನಿನ್ನೆ?"

"ನಿನ್ನೆ ಹದಿನಾಕಕ್ಕ ಹತ್ತಿತ್ರಿ, ಆಯಿ," ಎಂದಳು ಶೇವಂತಾ.

ಮುದುಕಿ ತಲೆಯಾಡಿಸಿದಳು. ಕಟ್ಟೆಯ ಮೇಲೆ ಕೈಯಿಂದ ತಡವಿ ತಂಬಿಗೆ ಹುಡುಕಿ, ಸೋಸಿದ ನೀರನ್ನು ಅರ್ಧಕ್ಕೆ ತುಂಬಿಸಿಕೊಂಡಳು.

"ನಾಳೀನೂ ಹಿಂಗs ಖರೇ ಹೇಳ," ಎಂದು, ತಂಬಿಗೆಯನ್ನು ಬಾಯಿಗೆ ಎತ್ತಿದಳು.